ನಿಲ್ಲಿಸಬ್ಯಾಡಿ, ಹಂಗೇ ಹೊರಡಿ

ಜನವರಿಯ ಒಂದು ಸೋಮವಾರ, ಬೆಳಗಿನ ಜಾವ 5.30. ಕ್ಯಾತ್ಸಂದ್ರದ ಚಿಕ್ಕಮ್ಮನ ಮನೆ ಮುಂದೆ ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆಂದ ನನ್ನ ಕಾರು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತ ಅಮ್ಮ. 8 ಗಂಟೆಗೆ ಬೆಂಗಳೂರಲ್ಲಿ ಅವಳ ಕಣ್ಣಿನ ಆಪರೇಷನ್. ಕರೆದುಕೊಂಡು ಹೋಗೋಕೆ ಅಂತಲೇ ಹಿಂದಿನ ರಾತ್ರಿ ಬಂದಿದ್ದೆ. ಕೀ ತಿರುಗಿಸಿದೆ. ಟಕ್ ಟಕ್ ಟಕ್. ಅಷ್ಟೇ.

‘ಥೂ, ಹಾಳು ಚಳಿ’ ಅಂದೆ.

ಚಳಿಯದ್ದೂ ಒಂದು ಪಾಲಿದೆ, ಸುಳ್ಳಲ್ಲ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತೆ, ಎಂಜಿನ್ ಆಯಿಲ್ ಮಂದವಾಗುತ್ತೆ. ಸೆಲ್ಫ್‌ಗೆ ಬೇಕಾದ ಶಕ್ತಿ ಜಾಸ್ತಿ, ಸಿಗೋದು ಕಮ್ಮಿ. ಆದರೆ ನಮ್ಮ ತುಮಕೂರು ಸೀಮೆಯ ಚಳಿ ಒಳ್ಳೆ ಬ್ಯಾಟರಿಯನ್ನು ಮಲಗಿಸುವಂಥದ್ದೇನಲ್ಲ. ಬ್ಯಾಟರಿಯ ಆಯಸ್ಸು ತಿನ್ನೋದು ಬೇಸಿಗೆಯ ಬಿಸಿ. ಚಳಿಗಾಲದಲ್ಲಿ ಅದು ಬಯಲಾಗುತ್ತೆ. ನನ್ನ ಬ್ಯಾಟರಿಗೆ 4 ವರ್ಷ ದಾಟಿತ್ತು. ಎರಡು ವಾರದಿಂದ ಬೆಳಗ್ಗೆ ಬೆಳಗ್ಗೆ ಸೆಲ್ಫ್ ಎಳೆದೆಳೆದು ತಿರುಗೋದು ನನಗೆ ಕೇಳಿಸಿತ್ತು. ‘ಮುಂದಿನ ಸಂಬಳಕ್ಕೆ ನೋಡೋಣ’ ಅಂತ ಹಾಡಿನ ವಾಲ್ಯೂಮ್ ಏರಿಸಿದ್ದೆ.

ಬ್ಯಾಟರಿ ಕೈ ಕೊಟ್ಟ ಆ ಹೊತ್ತಲ್ಲಿ ಬಂದವರು ಮೂವರು. ಟಿವಿಎಸ್‌ಗೆ ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದವರೊಬ್ಬರು, ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಟಿದ್ದ ಹಿರಿಯರು, ತಟ್ಟೆ ಇಡ್ಲಿ ಹೋಟೆಲಿಗೆ ಕೆಲಸಕ್ಕೆ ಹೊರಟಿದ್ದ ಹುಡುಗ.

“ಸೆಲ್ಫ್ ಹೊಡೀಬ್ಯಾಡಿ ಸಾರ್, ಇರೋ ಚೂರೂ ಹೋಯ್ತದೆ. ಕೀ ಆನ್ ಇರ್ಲಿ. ಸೆಕೆಂಡ್ ಗೇರ್ ಹಾಕಿ ಕ್ಲಚ್ ಒತ್ತಿ ಹಿಡ್ಕಳಿ, ತಳ್ತೀವಿ. ಸ್ಟಾರ್ಟ್ ಆದ್ಮೇಲೆ ನಿಲ್ಲಿಸಬ್ಯಾಡಿ, ಹಂಗೇ ಹೊರಡಿ.”

ಕಾರು ವೇಗ ಹಿಡಿದಾಗ ಕ್ಲಚ್ ಬಿಟ್ಟೆ. ಒಮ್ಮೆ ಜಗ್ಗಿ, ಕೆಮ್ಮಿ, ಸ್ಟಾರ್ಟ್ ಆಯಿತು. ಇಳಿದು ಎರಡು ಮಾತಾಡೋಣ ಅಂದರೆ ಎಂಜಿನ್ ಆಫ್ ಆಗುವ ಭಯ. ಕನ್ನಡಿಯಲ್ಲಿ ಮಂಜಿನೊಳಗೆ ಮೂರು ಆಕೃತಿ. ಕಿಟಕಿಯಿಂದ ಕೈ ಬೀಸಿದೆ. ಅವರಿಗೆ ಕಂಡಿತೋ ಇಲ್ಲವೋ.

ದಾಬಸ್‌ಪೇಟೆ ದಾಟುವಾಗ ಹಿಂದಿನ ರಾತ್ರಿ ನೆನಪಾಯಿತು. ಇಲ್ಲೇ ಒಬ್ಬ ಬೈಕ್ ತಳ್ಳಿಕೊಂಡು ಹೋಗುತ್ತಾ ಕೈ ಅಡ್ಡ ಹಿಡಿದಿದ್ದ. ನಾನು ನಿಲ್ಲಿಸಲಿಲ್ಲ. ರಾತ್ರಿ ಹೊತ್ತು, ಹೈವೇಲಿ ಯಾರನ್ನ ನಂಬೋದು ಅನ್ನೋದು ಒಂದು ಕಾರಣ. ಆ ಭಯವನ್ನು ಹಗುರ ಮಾಡಲಾರೆ. ಆದರೆ ಇನ್ನೊಂದು ಕಾರಣವೂ ಇತ್ತು: ‘ಪೆಟ್ರೋಲ್ ಇದೆಯಾ ಅಂತ ಮೊದಲೇ ನೋಡ್ಕೋಬೇಕಿತ್ತಪ್ಪ.’ ಪೆಟ್ರೋಲೇ ಖಾಲಿಯಾಗಿತ್ತು ಅಂತ ನನಗೆ ಹೇಳಿದವರು ಯಾರು?

ಎಡವಿ ಬಿದ್ದವರನ್ನು ಎತ್ತಬೇಕು, ನೋಡದೆ ನಡೆದು ಬಿದ್ದವರು ತಾವೇ ಏಳಲಿ. ನಮ್ಮಲ್ಲಿ ಅನೇಕರ ಒಳಗೆ ಹೀಗೊಂದು ನಿಯಮ ಇರುತ್ತೆ. ನ್ಯಾಯ ಅಂತಲೇ ಅನಿಸುತ್ತೆ. ಆ ನಿಯಮದ ಪ್ರಕಾರ ನನ್ನ ಕಾರನ್ನು ಯಾರೂ ಮುಟ್ಟಬಾರದಿತ್ತು. ಆ ಮೂವರು ‘ಬ್ಯಾಟರಿ ಯಾಕೆ ಬದಲಾಯಿಸಿಲ್ಲ’ ಅಂತ ಕೇಳಲೇ ಇಲ್ಲ. ಅದೇ ಕ್ಯಾತ್ಸಂದ್ರದ ಪಕ್ಕದಲ್ಲೇ ಸಿದ್ಧಗಂಗೆ. ಅಲ್ಲಿನ ದಾಸೋಹದಲ್ಲಿ ಊಟಕ್ಕೆ ಕೂತವರನ್ನು ಯಾಕೆ ಹಸಿದೆ ಅಂತ ಯಾರೂ ವಿಚಾರಿಸಲ್ಲ.

ಹಾಗಾದರೆ ಬೇಜವಾಬ್ದಾರಿಗೆ ಲೆಕ್ಕವೇ ಬೇಡವಾ? ಬೇಕು. ಆದರೆ ನನ್ನ ತಪ್ಪಿನ ಲೆಕ್ಕ ನಾನಿಡಬೇಕು, ತಳ್ಳೋಕೆ ಬಂದವರಲ್ಲ. ನಾನು ಮಾಡಿದ್ದು ಉಲ್ಟಾ. ಅವನ ತಪ್ಪಿನ ಲೆಕ್ಕ ನಾನು ಬರೆದೆ, ನನ್ನದನ್ನು ಚಳಿಯ ಖಾತೆಗೆ ಹಾಕಿದೆ.

ಆಪರೇಷನ್ ಚೆನ್ನಾಗಿ ಆಯಿತು. ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ, ಅವರಿಗೆ ನನ್ನ ಥ್ಯಾಂಕ್ಸ್ ಹೇಳಿಬಿಡಿ ಅಂದೆ. “ಯಾರಿಗೆ ಅಂತ ಹೇಳ್ಲಪ್ಪ? ಆ ಹಾಲಿನವನು ನಮ್ಮನೆಗೆ ಹಾಕೋನಲ್ಲ” ಅಂದರು.

ಅದೇ ವಾರ ಹೊಸ ಬ್ಯಾಟರಿ ಹಾಕಿಸಿದೆ. ಜೊತೆಗೆ ಇನ್ನೊಬ್ಬರ ಬ್ಯಾಟರಿಗೆ ಕರೆಂಟ್ ಕೊಡಬಹುದಾದ ಜಂಪರ್ ಕೇಬಲ್ಲೂ ತಗೊಂಡೆ. ಎರಡು ಚಳಿಗಾಲ ಕಳೆದಿದೆ. ಡಿಕ್ಕಿಯಲ್ಲಿರುವ ಅದರ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ. ಈ ಎರಡು ವರ್ಷ ರಸ್ತೆ ಬದಿಯಲ್ಲಿ ಯಾರೂ ನಿಂತಿರಲಿಲ್ಲ ಅಂತ ಹೇಳೋಕೆ ಮಾತ್ರ ನನಗೆ ಬಾಯಿಲ್ಲ.