ಬಾಲಕರ ವಾದ್ಯಶಿಕ್ಷಣವೂ ಕುಲವಿಚಾರವೂ

ಮದ್ದೂರು ತಾಲ್ಲೂಕಿಗೆ ಸೇರಿದ ಆತಗೂರಿನಂತಹ ಊರುಗಳಲ್ಲಿ, ಬ್ಯಾಂಡಿನ ಅನುಕೂಲವಿರುವ ಪ್ರಾಥಮಿಕ ಪಾಠಶಾಲೆಗಳಾದರೆ, ಆಗಸ್ಟ್ 15 ಅಥವಾ ಜನವರಿ 26 ಸಮೀಪಿಸಿತೆಂದೊಡನೆ ಅಭ್ಯಾಸವು ಮೊದಲಾಗುವುದು. ದೊಡ್ಡ ಡ್ರಮ್ಮು ಒಂದು, ಸಣ್ಣವು ಎರಡೋ ಮೂರೋ, ಒಂದು ಜೊತೆ ತಾಳ, ಭಾಗ್ಯವಿದ್ದಲ್ಲಿ ಕೊಳಲು, ಬ್ಯೂಗಲ್. ಬಯಸುವ ಮಕ್ಕಳಾದರೋ ತರಗತಿಯ ತುಂಬ. ಆದಕಾರಣ ಯಾರಿಗೆ ಯಾವುದನ್ನು ಕೊಡತಕ್ಕದ್ದೆಂಬ ಪ್ರಶ್ನೆಯು ಉಪಾಧ್ಯಾಯರಿಗೆ ತಪ್ಪಿದ್ದಲ್ಲ. ಇದು ಅಲ್ಪವಿಷಯವೆಂದು ತೋರಬಹುದು. ಆದರೆ ಮನೆಯ ಹಿರಿಯರು ಹಬ್ಬಕ್ಕೂ ಸಾವಿಗೂ ತಮಟೆ ಬಾರಿಸುತ್ತ ಬಂದಿರುವ ಬಾಲಕನೊಬ್ಬನು ಆ ಸಾಲಿನಲ್ಲಿ ನಿಂತಿರುವನೆಂದು ಭಾವಿಸಿದರೆ ಪ್ರಶ್ನೆಯ ಭಾರವು ತಿಳಿಯುವುದು. "ಲಯ ನಿನ್ನ ಮನೆಯದೇ ಕಣಪ್ಪ, ಡ್ರಮ್ಮನ್ನು ನೀನೇ ಹಿಡಿ" ಎಂದು ಉಪಾಧ್ಯಾಯರು ವಾತ್ಸಲ್ಯದಿಂದಲೇ ಹೇಳುವರು. ಬಾಲಕನ ಕಣ್ಣು ಕೊಳಲಿನ ಮೇಲಿರುವುದು. ಇದು ಗೌರವವೋ, ಬಂಧನವೋ?

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಭಾಗಿಸಿರುವುದಷ್ಟೆ. ಕೊಳದ ಕಮಲಪತ್ರಗಳ ಮೇಲೆ ಮಳೆಹನಿಗಳು ಬೀಳುವ ನಾದವನ್ನು ಕೇಳಿ ಸ್ವಾತಿಮುನಿಯು ಪುಷ್ಕರವಾದ್ಯವನ್ನು ಕಲ್ಪಿಸಿದನೆಂಬ ರಮ್ಯವಾದ ಕಥೆಯೂ ಅಲ್ಲಿಯೇ ಇದೆ. ಮೃದಂಗ, ತಮಟೆ, ಡ್ರಮ್ಮು ಮೂರೂ ಅವನದ್ಧವೇ. ಆ ವಿಭಾಗವು ನಾದೋತ್ಪತ್ತಿಯನ್ನು ಅನುಸರಿಸಿತೇ ಹೊರತು ಬಾರಿಸುವವನ ಕುಲವನ್ನು ಕೇಳಲಿಲ್ಲ.

ತಮಟೆಗೆ ಹೀನತೆಯು ಬಂದದ್ದು ಚರ್ಮದಿಂದೆಂದು ಹೇಳುವವರುಂಟು. ತಾರ್ಕಿಕರ ಅನ್ವಯವ್ಯತಿರೇಕಗಳಿಂದ ಇದನ್ನು ಪರೀಕ್ಷಿಸಬಹುದು. ಮೃದಂಗದಲ್ಲಿಯೂ ಚರ್ಮವುಂಟು, ಹೀನತೆಯಿಲ್ಲ. ಅದು ಸಭೆಯಲ್ಲಿ ಕೂತು ಶಾಲನ್ನು ಪಡೆಯುವುದು. (ಅದನ್ನು ಬಿಗಿದುಕೊಟ್ಟ ಕೈಗಳಿಗೆ ಆ ಮರ್ಯಾದೆಯು ಸಲ್ಲಲಿಲ್ಲವೆಂಬುದನ್ನು ಟಿ. ಎಂ. ಕೃಷ್ಣ ಅವರು 2020ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದ್ದಾರೆ.) ಇನ್ನು, ಬೆಂಕಿಯಲ್ಲಿ ಕಾಯಿಸಿ ಬಿಗಿಗೊಳಿಸುತ್ತಿದ್ದ ತೊಗಲಿನ ಬದಲು ಈಚೆಗೆ ಎಷ್ಟೋ ತಮಟೆಗಳಿಗೆ ಪ್ಲಾಸ್ಟಿಕ್ ಹಾಳೆಯು ಬಂದಿದೆ, ಚರ್ಮವು ಹೋಯಿತು, ತಾತ್ಸಾರವು ಹೋಗಲಿಲ್ಲ. ಚರ್ಮವಿದ್ದಲ್ಲಿ ಇಲ್ಲದ, ಇಲ್ಲದಲ್ಲಿ ಇರುವ ಹೀನತೆಗೆ ಚರ್ಮವು ಕಾರಣವಾಗುವುದೆಂತು? ಬಾರಿಸುವವನನ್ನು ಊರು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಯೇ ಕಾರಣವನ್ನು ಹುಡುಕಬೇಕು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪುರಸ್ಕಾರವು ಸಂದಾಗ ದೆಹಲಿಗೆ ತಿಳಿದದ್ದು ಹಳ್ಳಿಯ ಜಗಲಿಗಳಿಗೂ ತಿಳಿಯಬೇಕಾಗಿದೆ.

ಸ್ವಧರ್ಮದ ಮಾತನ್ನೆತ್ತಿ, ವಂಶದ ವಿದ್ಯೆಯನ್ನೇ ಬಾಲಕನಿಗೆ ಕೊಡುವುದು ನ್ಯಾಯವೆಂದು ವಾದಿಸುವುದು ಸುಲಭ. ಆದರೆ ಗೀತೆಯಲ್ಲಿ ಆ ಉಪದೇಶವನ್ನು ಕೇಳಿದವನು ಪ್ರೌಢನು. ಕೇಳಿದ ಮೇಲೆ ವಿಮರ್ಶಿಸಿ ಇಷ್ಟದಂತೆ ಮಾಡೆಂಬ ಸ್ವಾತಂತ್ರ್ಯವೂ ಅವನಿಗೆ ದೊರೆಯಿತು. ಎಂಟು ವರುಷದ ಹುಡುಗನಿಗೆ ಆ ಸ್ವಾತಂತ್ರ್ಯವನ್ನು ಕೊಡದೆ ಉಪದೇಶವನ್ನು ಮಾತ್ರ ಕೊಡುವುದು ಯಾವ ನ್ಯಾಯ?

ವಂಶದ ಸಂಸ್ಕಾರವು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ತಂದೆಯಿಂದ ನಾಗಸ್ವರವನ್ನೇ ಕಲಿತರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿದ ಮೇಲೆ ಅವರ ಮನಸ್ಸು ಅದರಲ್ಲಿ ನೆಟ್ಟಿತು. 1840ರ ದಶಕದಲ್ಲಿ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿದ ಆ ಪರದೇಶದ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಲು ಅವರು ಅನೇಕ ವರುಷ ಶ್ರಮಪಟ್ಟರು. 2004ರಲ್ಲಿ ಪದ್ಮಶ್ರೀಯನ್ನು ಪಡೆದು 2019ರಲ್ಲಿ ತೀರಿಕೊಂಡರು. ಉಸಿರಿನ ಅಭ್ಯಾಸವು ಮನೆಯಿಂದ ಬಂದಿತು, ವಾದ್ಯವನ್ನು ಆರಿಸಿದವರು ಅವರೇ.

ಹಾಗಾದರೆ ಪಾಠಶಾಲೆಯಲ್ಲಿ ಮಾಡತಕ್ಕದ್ದೇನು? ಮೊದಲ ಕೆಲವು ವಾರಗಳು ಎಲ್ಲ ಮಕ್ಕಳೂ ಎಲ್ಲ ವಾದ್ಯಗಳನ್ನೂ ಮುಟ್ಟಲಿ. ಡ್ರಮ್ಮಿಲ್ಲದವರು ಬೆಂಚಿನ ಮೇಲೆ ಎರಡು ಕಡ್ಡಿಗಳಿಂದ ಎಡ ಬಲ ಪೆಟ್ಟುಗಳನ್ನು ರೂಢಿಸಲಿ. ಕೊಳಲಿನಿಂದ ಮೊದಲ ದಿನ ಗಾಳಿಯಲ್ಲದೆ ಮತ್ತೇನೂ ಹೊರಡದು. ಆ ನಿರಾಶೆಯ ಪಾಲು ಎಲ್ಲರಿಗೂ ದೊರೆಯಲಿ. ಆಮೇಲೆ ತಮಟೆಯ ಮನೆಯ ಹುಡುಗನು ತಾನಾಗಿಯೇ ಡ್ರಮ್ಮಿಗೆ ಮರಳಿದರೆ ಬಹಳ ಸಂತೋಷ. ಮರಳದಿದ್ದರೆ ಕೊಳಲು ಅವನ ಕೈಯಲ್ಲಿಯೇ ಇರಲಿ. ಅವನ ತಾತನನ್ನು ಪಾಠಶಾಲೆಗೆ ಬರಮಾಡಿಕೊಂಡು, ಕುರ್ಚಿಯಿತ್ತು, ಉದ್ದಕಡ್ಡಿ ಗಿಡ್ಡಕಡ್ಡಿಗಳ ಮರ್ಮವನ್ನು ಎಲ್ಲ ಮಕ್ಕಳಿಗೂ ಹೇಳಿಸುವುದು ಇನ್ನೂ ಉತ್ತಮ. ಹೀಗೆ ಮಾಡುವುದರಿಂದ ಮೆರವಣಿಗೆಯಲ್ಲಿ ಒಂದೆರಡು ಪೆಟ್ಟುಗಳು ತಪ್ಪಿಯಾವು; ನೋಡಬಂದ ಅಧಿಕಾರಿಗಳು ಅದನ್ನು ಗಮನಿಸಲೂಬಹುದು. ಮಗನು ಡ್ರಮ್ಮು ಹೊತ್ತು ನಿಂತರೆ ಭಾವಚಿತ್ರವನ್ನು ತೆಗೆಸುವ ಗೃಹಸ್ಥರು, ಅದೇ ಮಗನು ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಮನೆಯ ಬಾಗಿಲಿಗೆ ಬಂದ ದಿನ ಏನು ಹೇಳುವರೆಂಬುದನ್ನು ಮಾತ್ರ ಉಪಾಧ್ಯಾಯರು ಮುಂಚಿತವಾಗಿಯೇ ವಿಚಾರಿಸಿಕೊಂಡಿರುವುದು ಲೇಸು.