ನೋವು ಉಣ್ಣುವುದು ಯಾರ ವ್ರತ?

ನಮ್ಮ ಯಳವತ್ತಿಯಲ್ಲಿ ಯಾರಾದರೂ ಕಾಲು ಮುರಿದುಕೊಂಡು ಮಲಗಿದರೆ ನೋಡಲು ಬಂದವರು ಒಂದು ಮಾತು ಆಡಿಯೇ ಆಡುತ್ತಾರೆ: "ಪಡಕೊಂಡು ಬಂದದ್ದು, ಉಂಡು ತೀರಿಸಬೇಕು." ಟ್ರ್ಯಾಕ್ಟರ್ ಟ್ರೇಲಿಯ ಮೂಕಿ ಬಿದ್ದು ನಮ್ಮ ಅವ್ವನ ಪಾದದ ಎಲುಬು ಮುರಿದಾಗಲೂ ಈ ಮಾತು ಬಂತು. ಆಡಿದವರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ದವಾಖಾನೆಗೆ ರೊಟ್ಟಿ ಬುತ್ತಿ ಕಟ್ಟಿ ಕಳಿಸಿದವರೂ ಅವರೇ. ಆದರೆ ಅದು ಧರ್ಮದ ಮಾತೆಂದು ನಾನು ಒಪ್ಪಲಾರೆ.

ಅವ್ವನ ಎದೆ ಮೊದಲೇ ದುರ್ಬಲ. ಅದಕ್ಕಾಗಿ ಆಪರೇಷನ್ ಹೊತ್ತಿಗೆ ಅರಿವಳಿಕೆ ವೈದ್ಯರು ಪೂರ್ತಿ ಎಚ್ಚರ ತಪ್ಪಿಸದೆ ಕಾಲಿನ ನರಗಳಿಗಷ್ಟೇ ಔಷಧಿ ಕೊಟ್ಟರು. ಪಾದಕ್ಕೆ ಹೋಗುವ ಐದು ನರಗಳಲ್ಲಿ ನಾಲ್ಕು ತೊಡೆಯ ಹಿಂದೆ ಇಳಿಯುವ ಸಯಾಟಿಕ್ ನರದ ಕವಲುಗಳು; ಐದನೆಯದು ಮುಂಭಾಗದ ಫೆಮೊರಲ್ ನರದಿಂದ ಬರುವ ಸಫೀನಸ್. ಸ್ಕ್ಯಾನಿಂಗ್ ಪರದೆಯಲ್ಲಿ ನರ ನೋಡಿಕೊಂಡು, ಮೊಣಕಾಲಿನ ಹಿಂದೆ ಒಂದು ಸೂಜಿ, ಒಳಬದಿಗೆ ಇನ್ನೊಂದು. ಬುಪಿವಕೇನ್‌ನಂಥ ಔಷಧಿ ನರದೊಳಗೆ ಸೋಡಿಯಂ ಕಣಗಳು ನುಗ್ಗುವ ದಾರಿ ಮುಚ್ಚುತ್ತದೆ. ಆಗ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ.

"ಕಾಲು ಐತೋ ಇಲ್ಲೋ ನನಗ ತಿಳಿವಲ್ದಾಗಿತ್ತು. ಡಾಕ್ಟರ್ ಜೋಡಿ ಮೆಣಸಿನಕಾಯಿ ರೇಟಿನ ಮಾತಾಡಕೋತ ಮಲಗಿದ್ದೆ," ಅಂದಳು ಅವ್ವ. ಎಲುಬಿಗೆ ತಂತಿ ಹಾಕುತ್ತಿದ್ದರು, ಅವಳು ಎಚ್ಚರವಾಗಿದ್ದಳು, ಸಂಕಟ ಮಾತ್ರ ಇರಲಿಲ್ಲ. ಕರ್ಮ ತೀರಲು ನೋವು ಉಣ್ಣಲೇಬೇಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಸೂಜಿ ಚುಚ್ಚಿದ ವೈದ್ಯರು ಪಾಪ ಮಾಡಿದರೆ?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನ ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ, ಜೈನರ ದೊಡ್ಡ ನೆಲೆ. ಶಂಖ ಬಸದಿ ಇಂದಿಗೂ ಅಲ್ಲಿದೆ. ಕರ್ಮದ ಲೆಕ್ಕವನ್ನು ಜೈನರಷ್ಟು ಸೂಕ್ಷ್ಮವಾಗಿ ಇಟ್ಟವರು ವಿರಳ. ದುಃಖದ ಅನುಭವಕ್ಕೆ ಕಾರಣವಾದದ್ದನ್ನು ಅವರು ಅಸಾತಾ ವೇದನೀಯ ಕರ್ಮ ಎಂದರು. ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ರೋಗವೂ ಒಂದು. ಆದರೆ ಅದೇ ಧರ್ಮ ಗೃಹಸ್ಥರಿಗೆ ಆಹಾರ, ಅಭಯ, ಶಾಸ್ತ್ರಗಳ ಜೊತೆ ಔಷಧದಾನವನ್ನೂ ವಿಧಿಸಿತು. ಸಹನೆ ಮುನಿ ತಾನಾಗಿ ತೊಟ್ಟ ವ್ರತ, ಪಕ್ಕದವರ ಮೇಲೆ ಹೇರುವಂಥದ್ದಲ್ಲ. ಪಕ್ಕದವರ ನೋವಿಗೆ ನಮ್ಮ ಪಾಲಿನ ಕೆಲಸ ಮದ್ದು ಕೊಡುವುದು.

ಬುದ್ಧನ ಪಾದಕ್ಕೂ ಗಾಯವಾಗಿತ್ತು. ದೇವದತ್ತ ಉರುಳಿಸಿದ ಬಂಡೆಯ ಚೂರು ತಗುಲಿದಾಗ ಅವನು ಕಂಗೆಡದೆ ಸಹಿಸಿದ. ಆದರೂ ವೈದ್ಯ ಜೀವಕ ಬಂದು ಪಟ್ಟಿ ಕಟ್ಟಿದಾಗ ಬೇಡವೆನ್ನಲಿಲ್ಲ.

ನೋವಿಗೆ ಒಂದು ಕೆಲಸವಿದೆ, ಎಚ್ಚರಿಸುವುದು. ಮುರಿದ ಪಾದ ವೈದ್ಯರ ಕೈ ಸೇರಿದ ಮೇಲೆ ಆ ಕೆಲಸ ಮುಗಿಯಿತು. ಆಮೇಲೂ ಅದನ್ನು ಉಣ್ಣಿಸುವುದರಲ್ಲಿ ಯಾವ ಪುಣ್ಯವೂ ನನಗೆ ಕಾಣುವುದಿಲ್ಲ, ಅದೂ ಆಯುಷ್ಯವೆಲ್ಲ ಹೊಲದಲ್ಲಿ ಸವೆಸಿದ ಮುದುಕಿಗೆ.

ಇಂಥ ಇಂಜೆಕ್ಷನ್‌ನಿಂದ ಕಾಲಿಗೆ ಬಂದ ಜೋಮು ಬಹುಮಟ್ಟಿಗೆ 12ರಿಂದ 24 ಗಂಟೆ ಇರುತ್ತದೆ. ಅದು ಇಳಿಯುವ ಮೊದಲೇ ಮಾತ್ರೆ ಕೊಡಬೇಕು, ಸ್ಪರ್ಶವಿಲ್ಲದ ಕಾಲನ್ನು ನೆಲಕ್ಕೆ ಊರಗೊಡಬಾರದು, ಬಿಸಿ ಶಾಖ ತಾಗಿಸಬಾರದು. ನಾವು ಕಾಲಡಿ ಕೌದಿ ಮಡಚಿಟ್ಟು ರಾತ್ರಿಯೆಲ್ಲ ಕಾದೆವು.

ಮನೆಯವರ ಪಾದಕ್ಕೆ ಆಪರೇಷನ್ ಎಂದಾಗ ಅರಿವಳಿಕೆ ವೈದ್ಯರನ್ನು ಕೇಳಿರಿ: ನರಕ್ಕಷ್ಟೇ ಇಂಜೆಕ್ಷನ್ ಕೊಡಲು ಬರುತ್ತದೆಯೇ? ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಮೊದಲೇ ಹೇಳಿರಿ.