ನೀಲಾಂಜನೆಯ ನೃತ್ಯ



ಕಾಮವನ್ನೂ ಮರಣವನ್ನೂ ಒಂದೆಡೆ ನಿಲ್ಲಿಸಿ ತೋರುವ ಪದ್ಧತಿ ಅನೇಕ ದೇಶಗಳ ಕಲೆಯಲ್ಲುಂಟು. ಜರ್ಮನ್ ಚಿತ್ರಕಾರ ಹಾನ್ಸ್ ಬಾಲ್ಡುಂಗನು 1517ರಲ್ಲಿ ರಚಿಸಿದ ಫಲಕವೊಂದು ಬಾಸೆಲ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೃತ್ಯುವು ತರುಣಿಯೊಬ್ಬಳ ಮುಡಿಯನ್ನು ಹಿಡಿದು ಕೆಳಕ್ಕೆ ಬೆರಳು ತೋರುತ್ತಿದೆ. ಅವಳು ಕೈಮುಗಿದು ಅಳುತ್ತಿದ್ದಾಳೆ. ನೋಡಿದವರು ಬೆಚ್ಚುವುದು ಸಹಜ. ಆದರೆ ಹೆದರಿಕೆಯ ವೈರಾಗ್ಯವು ಸ್ಮಶಾನದಿಂದ ಮನೆಯ ಹೊಸ್ತಿಲವರೆಗೂ ಬಾಳುವುದಿಲ್ಲ.

ನಮ್ಮವರ ಕಣ್ಣಿಗೆ ಬಿದ್ದ ದೃಶ್ಯವೇ ಬೇರೆ. ಮಥುರೆಯ ಕಂಕಾಲಿ ಟೀಲಾದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 2000 ವರ್ಷಗಳ ಹಿಂದಿನ ಶಿಲಾಪಟ್ಟವೊಂದನ್ನು ವಿದ್ವಾಂಸರು ನೀಲಾಂಜನೆಯ ನೃತ್ಯವೆಂದು ಗುರುತಿಸಿದ್ದಾರೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಿಂದ ಈ ಪ್ರಸಂಗವು ನಮಗೆಲ್ಲ ಪರಿಚಿತವೇ. ವೃಷಭದೇವನ ಸಭೆಯಲ್ಲಿ ನರ್ತಿಸುತ್ತಿದ್ದ ದೇವಗಣಿಕೆಯ ಆಯುಷ್ಯವು ನೃತ್ಯದ ನಡುವೆಯೇ ತೀರಿತು. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲೇ ಅವಳಂಥ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಯು ತಲೆದೂಗುತ್ತಲೇ ಇದ್ದಿತು. ಅರಿತವನು ಭಗವಂತನೊಬ್ಬನೇ.

ಇಲ್ಲಿ ಮುಡಿಯನ್ನು ಹಿಡಿದೆಳೆಯುವವರಿಲ್ಲ, ಶವವೂ ಇಲ್ಲ. ಮರಣಕ್ಕಿಂತ ಆ ಮರೆಮಾಚುವಿಕೆಯೇ ಭಯಂಕರವೆಂದು ನನಗೆ ತೋರುತ್ತದೆ. ನಮ್ಮ ಮನಸ್ಸಿನಲ್ಲಿಯೂ ಅಂಥ ಇಂದ್ರನೊಬ್ಬನಿದ್ದಾನೆ. ಚತುರ್ದಶಿಯ ದಿನ ರಸಪರಿತ್ಯಾಗವೆಂದು ತುಪ್ಪವನ್ನು ಬಿಟ್ಟವರು ಹಾಲುಬೆಲ್ಲವನ್ನು ಇಮ್ಮಡಿಸಿಕೊಳ್ಳುವುದುಂಟು. ಉಪವಾಸವಿದ್ದವರು ಮರುದಿನದ ಪಾರಣೆಯ ಅಡುಗೆಯನ್ನು ಹಿಂದಿನ ಸಂಜೆಯೇ ಎಣಿಸುವುದೂ ಉಂಟು. ಒಬ್ಬಳು ಅಳಿದಳು, ಇನ್ನೊಬ್ಬಳು ಬಂದಳು, ನೃತ್ಯ ನಿಲ್ಲಲಿಲ್ಲ!

ಆಸೆಯು ಕೊನೆಗೆ ಮರಣದ ವೇಷವನ್ನೂ ಧರಿಸಬಲ್ಲದು. ಆದುದರಿಂದಲೇ ತತ್ತ್ವಾರ್ಥಸೂತ್ರವು ಸಲ್ಲೇಖನದ ಅತಿಚಾರಗಳಲ್ಲಿ ಬದುಕಬೇಕೆಂಬ ಜೀವಿತಾಶಂಸೆಯ ಪಕ್ಕದಲ್ಲಿಯೇ ಬೇಗ ಸಾಯಬೇಕೆಂಬ ಮರಣಾಶಂಸೆಯನ್ನೂ ಇರಿಸಿದೆ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಹೊರಗಿನವರಿಗೆ ಉತ್ತರ ಹೇಳುವ ಮುನ್ನ ನಮ್ಮ ಮನೆಗಳಲ್ಲಿ ವೃದ್ಧರು ವ್ರತವನ್ನು ಬೇಡಿದಾಗ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ: ಇದು ಕಷಾಯವು ಕೃಶವಾದುದರ ಫಲವೋ, ಬದುಕಿನ ಬೇಸರವೋ? ಬೇಸರವಾದರೆ ಅವರಿಗೆ ಬೇಕಾದುದು ವ್ರತವಲ್ಲ, ಮಕ್ಕಳ ಸಾಮೀಪ್ಯ.

ನಮ್ಮ ನಾಡಿನ ನಿಷಿಧಿಕಲ್ಲುಗಳನ್ನು ಈ ದೃಷ್ಟಿಯಿಂದ ನೋಡಿರಿ. ಅನೇಕ ಕಲ್ಲುಗಳಲ್ಲಿ ಮೇಲೆ ಜಿನಬಿಂಬ, ಕೆಳಗೆ ಗುರು, ಎದುರಿಗೆ ವ್ರತಿ, ನಡುವೆ ಶಾಸ್ತ್ರವನ್ನಿರಿಸುವ ವ್ಯಾಸಪೀಠ. ಮರಣದ ಕಲ್ಲೆಂದು ಯಾರಾದರೂ ಹೇಳದಿದ್ದರೆ ಪಾಠ ನಡೆಯುತ್ತಿದೆಯೆಂದೇ ತಿಳಿಯಬೇಕು.